ಒಗೆಯುವ ಪುಡಿ, ಪಾಯಿಂಟು, ಪ್ಲೇ ಕ್ರೆಡಿಟ್: ಹಳ್ಳಿಯಲ್ಲಿ ಕೂತವರಿಗೆ ಯಾವುದು?

ಮೊದಲೇ ಹೇಳಿಬಿಡುತ್ತೇನೆ, ಫೋನಿನಲ್ಲಿ ಅಭಿಪ್ರಾಯ ಕೊಟ್ಟು ಏನಾದರೂ ಗಳಿಸುವ ಮೂರು ದಾರಿಗಳಲ್ಲಿ ನನ್ನ ಓಟು ಮನೆಗೆ ಸಾಮಾನು ಕಳಿಸಿ ಅಭಿಪ್ರಾಯ ಕೇಳುವ ಸೈಟಿಗೆ. ಬರೀ ಸರ್ವೆ ತುಂಬಿದರೆ ಪಾಯಿಂಟು ಕೊಡುವ ಸೈಟು, ಗೂಗಲ್‌ನದ್ದೇ ಸರ್ವೆ ಆ್ಯಪ್ ಆದ ಗೂಗಲ್ ಒಪಿನಿಯನ್ ರಿವಾರ್ಡ್ಸ್, ಇವೆರಡನ್ನೂ ಜೊತೆಗೇ ಇಟ್ಟುಕೊಂಡು ನೋಡಿದ್ದೇನೆ. ನಮ್ಮದು ಶಿರಸಿಯಿಂದ ಸ್ವಲ್ಪ ಒಳಗಿನ ಹಳ್ಳಿ. ಈ ವ್ಯವಹಾರದಲ್ಲಿ ಅದೇ ದೊಡ್ಡ ತೊಡಕು.

ಪಾಯಿಂಟಿನ ಸೈಟು ತಲೆ ಕೆಡಿಸುವುದು ಹೀಗೆ. ಇಪ್ಪತ್ತು ನಿಮಿಷದ ಸರ್ವೆ ಅಂತ ಕರೆಯುತ್ತದೆ. ವಯಸ್ಸು, ಓದು, ಮನೆಯಲ್ಲಿ ಎಷ್ಟು ಜನ, ಅಂಗಡಿಯಿಂದ ಸಾಮಾನು ತರುವವರು ಯಾರು, ಫ್ರಿಜ್ ಇದೆಯಾ, ಕಾರು ಇದೆಯಾ, ಎಲ್ಲಾ ಕೇಳಿ ಮುಗಿಸಿ ಆಮೇಲೆ ಊರು ಕೇಳುತ್ತದೆ. ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿ. ತೀರಾ ಕೆಳಗೆ 'ಇತರೆ'. ಅದನ್ನು ಒತ್ತಿದ್ದೇ ತಡ, ಕ್ಷಮಿಸಿ, ಈ ಸರ್ವೆಗೆ ನೀವು ಹೊಂದುವುದಿಲ್ಲ! ಊರನ್ನೇ ಮೊದಲು ಕೇಳಿದ್ದರೆ ಇವರ ಗಂಟೇನು ಹೋಗುತ್ತಿತ್ತು?

ಸರ್ವೆ ಮಾಡಿಸುವ ಕಂಪನಿಗೆ ಇಂಥ ವಯಸ್ಸಿನವರು ಇಷ್ಟು, ಇಂಥ ಊರಿನವರು ಇಷ್ಟು ಅಂತ ಕೋಟಾ ಇರುತ್ತದೆ. ಕೋಟಾ ತುಂಬಿದರೆ ಪೇಟೆಯವರೂ ಹೊರಗೇ. ಅದು ಅರ್ಥವಾಗುತ್ತದೆ. ಆದರೆ ನಮ್ಮ ಬಗ್ಗೆ ಅಷ್ಟೆಲ್ಲಾ ತಿಳಿದುಕೊಂಡು ಕೈಗೆ ಚಿಲ್ಲರೆ ಪಾಯಿಂಟು ಹಾಕಿ ಕಳಿಸುವುದು, ಕೆಲವೊಮ್ಮೆ ಅದೂ ಇಲ್ಲ. ಹಾಗಂತ ಬೆಂಗಳೂರು ಅಂತ ಸುಳ್ಳು ಒತ್ತಿದರೆ, ಇನ್ನೊಂದು ಸರ್ವೆಯಲ್ಲಿ 581401 ಅಂತ ಪಿನ್‌ಕೋಡ್ ಹಾಕುವಾಗ ತಾಳೆ ತಪ್ಪುತ್ತದೆ. ಖಾತೆ ಮುಚ್ಚಿದರೆ ಕೂಡಿಟ್ಟ ಪಾಯಿಂಟೂ ಅದರ ಜೊತೆಗೇ ಹೋಯಿತು. ಮಧ್ಯೆ ಮಧ್ಯೆ "ಈ ಸಾಲಿನಲ್ಲಿ 'ಒಪ್ಪುವುದಿಲ್ಲ' ಒತ್ತಿ" ಅಂತ ಪರೀಕ್ಷೆ ಬೇರೆ. ಓದದೆ ಒತ್ತುವವರನ್ನು ಹಿಡಿಯಲು ಅದು. ಮಳೆಗಾಲದಲ್ಲಿ ಕರೆಂಟಿನ ಹಿಂದೆ ಟವರೂ ಹೋದರೆ ತುಂಬಿದ್ದೆಲ್ಲಾ ನೀರುಪಾಲು.

ಗೂಗಲ್‌ನದ್ದು ಚಿಕ್ಕ ಚಿಕ್ಕ ಪ್ರಶ್ನೆ, ಚಿಕ್ಕ ದುಡ್ಡು. ಆಂಡ್ರಾಯ್ಡ್ ಫೋನಿನಲ್ಲಿ ಅದು ಪ್ಲೇ ಕ್ರೆಡಿಟ್ ಆಗಿ, ಅಂದರೆ ಗೂಗಲ್ ಪ್ಲೇ ಸ್ಟೋರಿನಲ್ಲಿ ಖರ್ಚು ಮಾಡುವ ದುಡ್ಡಾಗಿ ಬರುತ್ತದೆ, ಬ್ಯಾಂಕಿಗಲ್ಲ. ಆ್ಯಪ್ ಕೊಳ್ಳುವವರಿಗೆ ಸರಿ. ನಾನು ಕೊಳ್ಳುವುದಿಲ್ಲ.

ಇನ್ನು ನನ್ನ ಮೆಚ್ಚಿನದು. ಜುಲೈನಲ್ಲಿ ಬಟ್ಟೆ ಒಗೆಯುವ ಪುಡಿ ಬಂತು. ಬಿಳಿ ಪೊಟ್ಟಣ, ಕಂಪನಿ ಹೆಸರಿಲ್ಲ, ಬರೀ ಒಂದು ನಂಬರು. ಹೆಸರು ನೋಡಿ ಯಾರೂ ಮಾರ್ಕು ಹಾಕಬಾರದು ಅಂತ ಹಾಗೆ ಕಳಿಸುತ್ತಾರೆ. ಬಳಸಿ ಆದ ಮೇಲೆ ಪ್ರಶ್ನೆ ಬಂತು: ಬಿಸಿಲಿನಲ್ಲಿ ಒಣಗಿದ ಬಟ್ಟೆಯಲ್ಲಿ ಪರಿಮಳ ಎಷ್ಟು ಹೊತ್ತು ಉಳಿಯಿತು? ಶಿರಸಿಯ ಆಷಾಢದಲ್ಲಿ ಬಿಸಿಲು ಎಲ್ಲಿಂದ ತರೋದು ಮಾರಾಯ್ರೆ! ನಮ್ಮ ಬಟ್ಟೆ ಒಣಗುವುದು ಬಚ್ಚಲೊಲೆಯ ಮೇಲೆ ಕಟ್ಟಿದ ಗಳದಲ್ಲಿ. ಪುಡಿಯಲ್ಲಿ ಮಲ್ಲಿಗೆ ಇರಲಿ ಲಿಂಬೆ ಇರಲಿ, ಮಾರನೇ ದಿನ ಅಂಗಿಗೆ ಹೊಗೆ ವಾಸನೆಯೇ. ಖಾಲಿ ಜಾಗದಲ್ಲಿ ಅದನ್ನೇ ಬರೆದೆ. ನೊರೆ ಹೋಗಲಿಕ್ಕೆ ಮೂರು ನೀರು ಬೇಕು ಅಂತ ಆಯಿ ಗೊಣಗಿದ್ದನ್ನೂ ಸೇರಿಸಿದೆ. ಆಮೇಲೂ ಸಾಮಾನು ಬರುತ್ತಲೇ ಇದೆ.

ಇಲ್ಲಿ ತೊಂದರೆ ಕೊರಿಯರ್‌ನದ್ದು. ಹಳ್ಳಿವರೆಗೆ ಬರುವುದಿಲ್ಲ, ಪೇಟೆಗೆ ಬಂದು ಒಯ್ಯಿರಿ ಅಂತಾರೆ. ಶಾಂಪೂ ಬಾಟಲಿಗೋಸ್ಕರ ಬಸ್ಸು ಹತ್ತಿದರೆ ಅಸಲೂ ಹುಟ್ಟುವುದಿಲ್ಲ. ಅಂಚೆಯಲ್ಲಿ ಬಂದರೆ ಚಿಂತೆಯಿಲ್ಲ, ಪೋಸ್ಟ್‌ಮ್ಯಾನ್ ಮನೆಗೇ ಕೊಡುತ್ತಾರೆ. ನಾನೀಗ ದೇವಿಕೆರೆ ಹತ್ತಿರದ ಪರಿಚಯದ ಅಂಗಡಿಯ ವಿಳಾಸ ಕೊಟ್ಟಿದ್ದೇನೆ. ಸಂತೆಗೆ ಹೋದಾಗ ತರುತ್ತೇನೆ.

ಟೆಲಿಗ್ರಾಮ್‌ನಲ್ಲಿ ಬರುವ 'ಟಾಸ್ಕ್' ಕೆಲಸವನ್ನು ಈ ಸಾಲಿಗೆ ಸೇರಿಸಲೇಬೇಡಿ. ಮೊದಲು ನೂರಿನ್ನೂರು ಕೊಟ್ಟು, ಆಮೇಲೆ ನೀವೇ ಹಣ ತುಂಬಿ ಅಂತಾರೆ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಕೈಗೆ ನಗದು ಬೇಕು ಅನ್ನುವವರಿಗೆ ಈ ಮೂರೂ ಆಗಲಿಕ್ಕಿಲ್ಲ. ನನ್ನ ಲೆಕ್ಕ ಬೇರೆ. ಸೋಪು, ಶಾಂಪೂ, ಚಹಾಪುಡಿ ಹೇಗೂ ತರಲೇಬೇಕು, ಅಷ್ಟು ಕಿರಾಣಿ ಚೀಟಿಯಲ್ಲಿ ಕಡಿಮೆಯಾದರೆ ಸಾಕು. ಅದೂ ಮಳೆಗಾಲದ ಮಟ್ಟಿಗೆ. ಕೊಯ್ಲು ಶುರುವಾದ ಮೇಲೆ ಸಂಜೆ ಅಡಿಕೆ ಸುಲಿಯಲು ಕೂತರೆ ಇದಕ್ಕಿಂತ ಜಾಸ್ತಿ ಸಿಗುತ್ತದೆ. ಆಗ ಸೈಟು ತೆರೆಯುವವರು ಯಾರು?