ಮೀನಿನ ಹೆರಿಗೆ ಡಬ್ಬಿ: ಗಪ್ಪಿಗಾದ್ರೆ ಓಕೆ, ಫೈಟರ್‌ಗೆ ಬೇಡ್ವೇ ಬೇಡ
ಮುಂಬೈ ಪಕ್ಕದ ಡೊಂಬಿವ್ಲಿ ಈಸ್ಟಲ್ಲಿ ನಮ್ಮನೆ ಹತ್ರದ ಅಕ್ವೇರಿಯಂ ಅಂಗಡಿಲಿ 220 ರೂಪಾಯಿ ಕೊಟ್ಟು ಈ ಬ್ರೀಡಿಂಗ್ ಬಾಕ್ಸ್ ತಗೊಂಡು ಆರು ತಿಂಗಳಾಯ್ತು. ಅಂಗಡಿ ಹೆಸರು ಬರೆಯಲ್ಲ, ದಿನಾ ಸ್ಟೇಷನ್‌ಗೆ ಅದೇ ದಾರಿಲಿ ಹೋಗ್ಬೇಕು. ಟ್ರಾನ್ಸ್‌ಪರೆಂಟ್ ಪ್ಲಾಸ್ಟಿಕ್ ಡಬ್ಬಿ, ಟ್ಯಾಂಕ್ ಒಳಗೇ ಗಾಜಿಗೆ ಅಂಟಿಸೋದು, ಮಧ್ಯೆ ವಿ ಆಕಾರದಲ್ಲಿ ಸಂದಿ ಇರೋ ತಟ್ಟೆ, ಮರಿ ಹುಟ್ಟಿದ ತಕ್ಷಣ ಸಂದಿಲಿ ಕೆಳಗೆ ಜಾರತ್ತೆ, ತಾಯಿ ಮೇಲೇ ಉಳಿಯತ್ತೆ.

ಯಾಕೆ ಬೇಕು ಅಂದ್ರೆ, ಗಪ್ಪಿ ಮೊಟ್ಟೆ ಇಡಲ್ಲ, ನೇರ ಮರೀನೇ ಹಾಕತ್ತೆ, ಸುಮಾರು ನಾಲ್ಕು ವಾರಕ್ಕೊಂದ್ಸಲ. ಹಾಕಿದ ಮೇಲೆ ತನ್ನ ಮರಿ ಅನ್ನೋ ಗುರುತೇ ಇಲ್ಲ, ತಿರುಗಿ ನೋಡತ್ತೆ, ನುಂಗತ್ತೆ. ಮಗಳು ಮೊದಲ ಸಲ ನೋಡಿ ಒಂದು ದಿನ ಊಟ ಬಿಟ್ಟಿದ್ಲು. ಇನ್ನೊಂದು ವಿಷ್ಯ, ಗಂಡು ಸತ್ತು ಎರಡು ತಿಂಗಳಾದ್ರೂ ನಮ್ಮ ಹೆಣ್ಣು ಮರಿ ಹಾಕ್ತಾನೇ ಇತ್ತು. ಒಂದ್ಸಲ ಕೂಡಿದ್ರೆ ವೀರ್ಯ ಒಳಗೇ ಇಟ್ಕೊಂಡು ತಿಂಗಳುಗಟ್ಟಲೆ ಬಳಸ್ಕೊಳತ್ತಂತೆ, ಅದಕ್ಕೇ ಬರೀ ಹೆಣ್ಣು ತಂದ್ರೆ ಕಾಟ ಇಲ್ಲ ಅಂದ್ಕೊಳ್ಳೋರು ಹುಷಾರು.

ಈ ಕೆಲಸಕ್ಕೆ ಡಬ್ಬಿ ಪರವಾಗಿಲ್ಲ. ಆದ್ರೆ ನಾನು ಅವಸರ ಮಾಡಿ ನಾಲ್ಕು ದಿನ ಮುಂಚೆನೇ ಹಾಕಿಬಿಟ್ಟೆ, ಪಾಪ ಅಷ್ಟು ಇಕ್ಕಟ್ಟಲ್ಲಿ ಗಾಬರಿಯಾಗಿ ತಿನ್ನೋದೇ ಬಿಟ್ಟು ಮೂಲೆ ಸೇರ್ತು. ಹೊಟ್ಟೆ ಚೌಕಾಗಿ, ಬಾಲದ ಹತ್ರದ ಕಪ್ಪು ಮಚ್ಚೆ ಚೆನ್ನಾಗಿ ದಟ್ಟ ಆದ ಮೇಲೆ ಹಾಕಿದ್ರೆ ಸಾಕು. ದೊಡ್ಡ ತಲೆನೋವು ಡಬ್ಬೀನ ಗಾಜಿಗೆ ಅಂಟಿಸೋ ರಬ್ಬರ್ ಸಕ್ಷನ್ ಕಪ್, ಮೂರನೇ ವಾರಕ್ಕೇ ಹಿಡಿತ ಬಿಡ್ತು, ರಾತ್ರಿ ಡಬ್ಬಿ ವಾಲಿ ಇಪ್ಪತ್ತು ಚಿಲ್ರೆ ಮರಿ ಹೊರಗೆ, ಬೆಳಿಗ್ಗೆ ನೋಡಿದ್ರೆ ಅದೇ ಟ್ಯಾಂಕಿನ ಮೋಲಿ ಮೀನುಗಳ ಹೊಟ್ಟೆ ಉಬ್ಬಿತ್ತು.

ಸಿಟ್ಟು ಬಂದಿದ್ದು ಫೈಟರ್ (ಬೆಟ್ಟಾ ಮೀನು) ವಿಷ್ಯದಲ್ಲಿ. ಅಂಗಡಿಯವನು "ಸಬ್ ಮಛ್ಲಿ ಕೋ ಚಲೇಗಾ, ಫೈಟರ್ ಕಾ ಬಾಪ್ ಭೀ ಅಂಡಾ ಖಾತಾ ಹೈ" ಅಂದ, ಅಂದ್ರೆ ಎಲ್ಲಾ ಮೀನಿಗೂ ಆಗತ್ತೆ, ಫೈಟರ್ ಅಪ್ಪನೂ ಮೊಟ್ಟೆ ತಿನ್ನತ್ತೆ ಅಂತ. ನಂಬಿದೆ. ಫೈಟರ್‌ನಲ್ಲಿ ಬಾಣಂತನ ಎಲ್ಲಾ ಗಂಡಿಂದೇ. ಬಾಯಿಂದ ಗುಳ್ಳೆ ಊದಿ ಊದಿ ನೀರ ಮೇಲೆ ನೊರೆ ಗೂಡು ಕಟ್ಟತ್ತೆ, ಹೆಣ್ಣು ಬಿಟ್ಟ ಮೊಟ್ಟೆ ಕೆಳಗೆ ಬೀಳೋವಾಗ ಬಾಯಲ್ಲಿ ಆರಿಸ್ಕೊಂಡು ಗೂಡಿಗೆ ಉಗೀತದೆ, ಆಮೇಲೆ ಹೆಣ್ಣನ್ನೇ ಅಟ್ಟಾಡಿಸ್ತದೆ (ಹೆಣ್ಣನ್ನ ಆಗ ತಕ್ಷಣ ತೆಗೀಬೇಕು, ಇಲ್ಲಾಂದ್ರೆ ರೆಕ್ಕೆ ಹರಿದು ಹಾಕತ್ತೆ). ಇಂಥ ಅಪ್ಪನ್ನ ತೆಗೆದು ಬೇರೆ ಬಾಟ್ಲಿಗೆ ಹಾಕಿ ನಾನು ಸ್ಪೂನಲ್ಲಿ ಗೂಡು ಎತ್ತಿ ಈ ಡಬ್ಬಿಗೆ ಹಾಕ್ದೆ. ಸಂದಿಲಿ ಬರೋ ಫಿಲ್ಟರ್ ನೀರಿಗೆ ನೊರೆ ಒಡೀತು, ಮೊಟ್ಟೆ ತಳ ಸೇರಿದ್ವು, ಎರಡು ದಿನಕ್ಕೆ ಎಲ್ಲಾ ಬಿಳಿ ಹತ್ತಿ ಥರ ಫಂಗಸ್.

ಎರಡನೇ ಸಲ ಡಬ್ಬಿ ಮುಟ್ಟಲಿಲ್ಲ. ಫಿಲ್ಟರ್ ಇಲ್ಲದ ಟಬ್, ನಾಲ್ಕೈದು ಇಂಚು ನೀರು, ಅಪ್ಪನಿಗೇ ಬಿಟ್ಟೆ. ಎರಡು ದಿನದೊಳಗೆ ಮರಿ ಒಡೆದು ಬಾಲ ಕೆಳಗೆ ಮಾಡ್ಕೊಂಡು ಗೂಡಿಗೆ ನೇತಾಡ್ತಿದ್ವು, ಯಾವ್ದಾದ್ರೂ ಜಾರಿದ್ರೆ ಅಪ್ಪ ಓಡಿ ಬಾಯಲ್ಲಿ ತಂದು ಮತ್ತೆ ಮೇಲಿಡ್ತಿದ್ದ, ಊಟ ನಿದ್ದೆ ಎರಡೂ ಇಲ್ಲ. ಮರಿ ಅಡ್ಡಡ್ಡ ಈಜೋಕೆ ಶುರು ಮಾಡಿದ ಮೇಲೆ ಮಾತ್ರ ಅವನನ್ನ ತೆಗೀಬೇಕು, ಅಪ್ಪ ತಿನ್ನತ್ತೆ ಅಂತ ಅಂಗಡಿಯವನು ಹೇಳಿದ್ದು ಆ ಹೊತ್ತಿಗೆ ನಿಜ, ಮರೀನೇ ತಿಂದ್ಬಿಡಬಹುದು.

ತೀರ್ಥಹಳ್ಳಿಗೆ ಫೋನ್ ಮಾಡಿ ಅಪ್ಪಂಗೆ ಹೇಳಿದ್ರೆ, ಅವ್ರು "ಕೊರವ ಮೀನು ನೋಡಿಲ್ವೇನೋ" ಅಂದ್ರು. ಹೌದಲ್ಲ, ಕೆರೆಲಿ ಕೆಂಪು ಮರಿಗಳ ಗುಂಪು ನೀರ ಮೇಲೆ ಗುಳುಗುಳು ಅಂತಿದ್ರೆ ಕೆಳಗೆ ಅಪ್ಪ ಅಮ್ಮ ಕಾವಲು ಇರತ್ತೆ, ಕೈ ಹಾಕೋಕೆ ಹೆದರಿಕೆ. ಅದೇ ಮೊದಲ ಮಳೆಗೆ ಹಳ್ಳದಿಂದ ಗದ್ದೆಗೆ ಹತ್ತೋ ಹತ್ತುಮೀನು ಮೊಟ್ಟೆ ಬಿಟ್ಟು ಹೊರಟೇ ಹೋಗತ್ತೆ. ಮೀನು ಯಾವುದು ಅಂತ ಕೇಳ್ದೇ ಎಲ್ಲಕ್ಕೂ ಒಂದೇ ಡಬ್ಬಿ ಮಾರ್ತಾರೆ ನೋಡಿ.

ಗಪ್ಪಿಗೆ 5ಕ್ಕೆ 3 ಕೊಡ್ತೀನಿ, ಫೈಟರ್‌ಗೆ ಸೊನ್ನೆ. ಟ್ಯಾಂಕ್ ದೊಡ್ಡದಿದ್ರೆ ದುಡ್ಡು ಹಾಕ್ಬೇಡಿ, ಒಂದು ಹಿಡಿ ಜಾವಾ ಮಾಸ್ (ನೀರೊಳಗೆ ಬೆಳೆಯೋ ಪಾಚಿ ಥರದ ಗಿಡ) ಹಾಕಿದ್ರೆ ಮರಿ ಅದರಲ್ಲೇ ಬಚ್ಚಿಟ್ಕೊಳತ್ತೆ, ಎಲ್ಲಾ ಅಲ್ದಿದ್ರೂ ಒಂದಷ್ಟು ಉಳಿಯತ್ತೆ. ಅಂದಹಾಗೆ ಮುಂದಿನ ವಾರ ಇನ್ನೊಂದು ಗಪ್ಪಿ ಹೆರಿಗೆ ಇದೆ, ಬರೀ ಸಕ್ಷನ್ ಕಪ್ ಬಿಡಿಯಾಗಿ ಥಾಣೆ ಊರ ಕಡೆ ಎಲ್ಲಾದ್ರೂ ಸಿಗತ್ತಾ?