ಹದಿಹರೆಯದವರ ಆಹಾರ–ವ್ಯಾಯಾಮ ತರಗತಿ: ಕಲಬುರಗಿಯ ಒಬ್ಬ ತಾಯಿಯ ಮೂರು ತಿಂಗಳ ಅನುಭವ

ಕಲಬುರಗಿಯ ಸೇಡಂ ರಸ್ತೆಯ ಕಡೆ ಇರುವ ಒಂದು ವ್ಯಾಯಾಮ ಕೇಂದ್ರವು 13ರಿಂದ 17 ವರ್ಷದ ಮಕ್ಕಳಿಗಾಗಿಯೇ ನಡೆಸುವ ಆಹಾರ–ವ್ಯಾಯಾಮ ತರಗತಿಗೆ ನನ್ನ ಮಗಳು ಮತ್ತು ಮಗ ಏಪ್ರಿಲ್‌ನಿಂದ ಜೂನ್ ಕೊನೆಯವರೆಗೆ ಹೋಗಿ ಬಂದಿದ್ದಾರೆ. ಮಗಳಿಗೆ 15, ಮಗನಿಗೆ 13. ಮೂರು ತಿಂಗಳಿಗೆ ಒಬ್ಬರಿಗೆ 4,500 ರೂಪಾಯಿ ಶುಲ್ಕ, ವಾರಕ್ಕೆ ಐದು ದಿನ, ಬೆಳಿಗ್ಗೆ ಆರರಿಂದ ಏಳರವರೆಗೆ ಪಾಠ. ನಮ್ಮೂರಿನ ಬೇಸಿಗೆಯಲ್ಲಿ ಎಂಟು ಗಂಟೆಯಾದರೆ ಮೈದಾನದಲ್ಲಿ ನಿಲ್ಲುವುದೇ ಕಷ್ಟವಾದ್ದರಿಂದ ಈ ಸಮಯವನ್ನು ಆರಿಸಿಕೊಂಡದ್ದು ಸರಿಯಾಗಿಯೇ ಇತ್ತು. ಮೆಚ್ಚಬೇಕಾದ ಸಂಗತಿಗಳ ಜೊತೆಗೆ ಆಕ್ಷೇಪಿಸಬೇಕಾದವೂ ಇರುವುದರಿಂದ ಕೇಂದ್ರದ ಹೆಸರನ್ನು ಬರೆಯುತ್ತಿಲ್ಲ.

ಮೊದಲ ದಿನ ಅವರು ಮಕ್ಕಳನ್ನು ಓಡಿಸಲಿಲ್ಲ, ಒಂದು ಪ್ರಶ್ನಾವಳಿಯನ್ನು ಕೈಗೆ ಕೊಟ್ಟರು. ‘ಕೈಗೆತ್ತಿಕೊಂಡ ಕೆಲಸವನ್ನು ಮುಗಿಸುತ್ತೇನೆ’, ‘ಅಪರಿಚಿತರ ನಡುವೆ ಮಾತನಾಡಲು ಹಿಂಜರಿಯುತ್ತೇನೆ’ ಎಂಬಂಥ ವಾಕ್ಯಗಳಿಗೆ ಮಕ್ಕಳು ಒಂದರಿಂದ ಐದರವರೆಗೆ ಅಂಕ ಹಾಕಬೇಕಿತ್ತು. ಇದು ಮನೋವಿಜ್ಞಾನಿಗಳು ವ್ಯಕ್ತಿತ್ವವನ್ನು ಅಳೆಯಲು ಬಳಸುವ ಐದು ಗುಣಗಳ ಮಾದರಿ: ಶಿಸ್ತು ಮತ್ತು ಹೊಣೆಗಾರಿಕೆ, ಬಹಿರ್ಮುಖತೆ, ಹೊಸದರ ಕಡೆಗಿನ ಕುತೂಹಲ, ಹೊಂದಿಕೊಳ್ಳುವ ಸ್ವಭಾವ, ಬೇಗ ಆತಂಕಗೊಳ್ಳುವ ಸ್ವಭಾವ. ವ್ಯಾಯಾಮ ಕಲಿಸುವವರಿಗೆ ಇದೇಕೆ ಬೇಕು ಎಂದು ಇತರ ಪಾಲಕರ ಹಾಗೆ ನಾನೂ ಕೇಳಿದೆ, ಆದರೆ ಇದಕ್ಕೆ ಗಟ್ಟಿಯಾದ ಆಧಾರವಿದೆ. 194 ಅಧ್ಯಯನಗಳನ್ನು ಒಟ್ಟುಗೂಡಿಸಿ ಬಾಗ್ ಮತ್ತು ರಾಬರ್ಟ್ಸ್ ಎಂಬ ಮನೋವಿಜ್ಞಾನಿಗಳು 2004ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯು, ಶಿಸ್ತು–ಹೊಣೆಗಾರಿಕೆಯ ಗುಣ ಹೆಚ್ಚಿರುವವರಲ್ಲಿ ಒಳ್ಳೆಯ ಆಹಾರ ಮತ್ತು ವ್ಯಾಯಾಮದ ಅಭ್ಯಾಸಗಳು ಹೆಚ್ಚಾಗಿಯೂ ಧೂಮಪಾನ, ಕುಡಿತದಂಥವು ಕಡಿಮೆಯಾಗಿಯೂ ಕಂಡುಬರುತ್ತವೆ ಎಂದು ತೋರಿಸಿತು. ಬಹಿರ್ಮುಖಿಗಳು ಹೆಚ್ಚು ಚಟುವಟಿಕೆಯಿಂದಿರುತ್ತಾರೆ, ಬೇಗ ಆತಂಕಪಡುವವರು ಮನಸ್ಸು ಕೆಟ್ಟಾಗ ತಿನಿಸಿನ ಮೊರೆಹೋಗುವುದು ಹೆಚ್ಚು ಎಂಬುದೂ ಇಂಥ ಅಧ್ಯಯನಗಳಲ್ಲಿ ಕಾಣುವ ಸಂಗತಿಯೇ. ಈ ಸಂಬಂಧಗಳೆಲ್ಲ ಸಾಧಾರಣ ಪ್ರಮಾಣದವು, ಯಾವ ಮಗುವಿನ ಹಣೆಬರಹವೂ ಅಲ್ಲ.

ಕೇಂದ್ರದವರು ಎಡವಿದ್ದು ಇಲ್ಲಿಯೇ. ಮಗನ ಹಾಳೆಯ ಮೇಲೆ ಕೆಂಪು ಶಾಯಿಯಲ್ಲಿ ‘ಶಿಸ್ತು ಕಡಿಮೆ’ ಎಂದು ಬರೆದು, ಅದನ್ನು ಉಳಿದ ಪಾಲಕರ ಮುಂದೆಯೇ ಓದಿದರು. ಮನೆಗೆ ಬರುವ ದಾರಿಯಲ್ಲಿ ಅವನು ಒಂದು ಮಾತೂ ಆಡಲಿಲ್ಲ, ಮರುದಿನ ಬೆಳಿಗ್ಗೆ ಎಬ್ಬಿಸಿದಾಗ ‘ಹೆಂಗೂ ನನಗ ಶಿಸ್ತ ಇಲ್ಲಲ್ಲ ಅವ್ವಾ’ ಎಂದು ಹೇಳಿ ಮಗ್ಗಲು ಬದಲಿಸಿದ. ಹದಿಮೂರರ ಹುಡುಗನಿಗೆ ಇಂಥ ಹಣೆಪಟ್ಟಿ ಹಚ್ಚುವುದು ಅನ್ಯಾಯ ಮಾತ್ರವಲ್ಲ, ತಿಳಿವಳಿಕೆಯ ಕೊರತೆಯೂ ಹೌದು. ಹತ್ತರಿಂದ ಅರವತ್ತೈದು ವರ್ಷದವರೆಗಿನ 12 ಲಕ್ಷಕ್ಕೂ ಹೆಚ್ಚು ಜನರ ಉತ್ತರಗಳನ್ನು ಆಧರಿಸಿ 2011ರಲ್ಲಿ ಪ್ರಕಟವಾದ ಅಧ್ಯಯನವೊಂದು, ಬಾಲ್ಯದಿಂದ ಹದಿಹರೆಯಕ್ಕೆ ಕಾಲಿಡುವಾಗ ಇದೇ ಶಿಸ್ತಿನ ಗುಣವು ಸಾಮಾನ್ಯವಾಗಿ ಇಳಿಯುತ್ತದೆ, ಮುಂದೆ ಪ್ರಾಯಕ್ಕೆ ಬಂದಂತೆ ಮತ್ತೆ ಏರುತ್ತದೆ ಎಂದು ಕಂಡುಕೊಂಡಿತ್ತು. ಅವರು ದೋಷವೆಂದು ಬರೆದದ್ದು ಬಹುಮಟ್ಟಿಗೆ ಆ ವಯಸ್ಸಿನ ಲಕ್ಷಣ. ಇದನ್ನು ನಾನು ತರಬೇತುದಾರರಿಗೆ ಸಮಾಧಾನದಿಂದಲೇ ಹೇಳಿದೆ. ಅವರು ವಾದ ಮಾಡಲಿಲ್ಲ, ಮುಂದಿನ ವಾರದಿಂದ ಹಾಳೆಗಳನ್ನು ಆಯಾ ಮಗುವಿನ ಪಾಲಕರಿಗಷ್ಟೇ ತೋರಿಸತೊಡಗಿದರು.

ತರಬೇತುದಾರರ ನಿಜವಾದ ಕೌಶಲ ಕಂಡದ್ದು ಅನಂತರ. ಐದರಿಂದ ಹದಿನೇಳು ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಉಸಿರು ಏರುವಂಥ ಚಟುವಟಿಕೆ ಬೇಕು, ವಾರಕ್ಕೆ ಕನಿಷ್ಠ ಮೂರು ದಿನ ಸ್ನಾಯು ಮತ್ತು ಎಲುಬನ್ನು ಗಟ್ಟಿಗೊಳಿಸುವ ವ್ಯಾಯಾಮ ಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಸಲಹೆ. ಗುರಿ ಎಲ್ಲರಿಗೂ ಅದೇ ಆಗಿದ್ದರೂ ಅಲ್ಲಿಗೆ ತಲುಪಿಸುವ ದಾರಿಯನ್ನು ಅವರು ಮಗುವಿಗೆ ತಕ್ಕಂತೆ ಬೇರೆ ಮಾಡಿದರು. ನನ್ನ ಮಗ ಒಬ್ಬನೇ ಹತ್ತು ನಿಮಿಷವೂ ಓಡುವವನಲ್ಲ, ಅವನನ್ನು ಕಬಡ್ಡಿಯ ಏಳು ಜನರ ತಂಡಕ್ಕೆ ಸೇರಿಸಿ, ‘ನೀ ಬರಲಿಲ್ಲಂದ್ರ ತಂಡದಾಗ ಒಬ್ಬ ಕಡಿಮಿ ಆಗ್ತಾನ ನೋಡಪ್ಪ’ ಎಂದಷ್ಟೇ ಹೇಳಿದರು. ಮೇ ತಿಂಗಳಿಡೀ ಅವನು ತಪ್ಪಿಸಿದ್ದು ಎರಡೇ ದಿನ. ಮಗಳಿಗೆ ಗುಂಪೆಂದರೆ ಸಂಕೋಚ, ಅವಳಿಗೆ ಒಂದು ಸಣ್ಣ ನೋಟುಪುಸ್ತಕವನ್ನೂ ಜೊತೆಗೆ ಒಬ್ಬಳೇ ಒಬ್ಬ ಗೆಳತಿಯನ್ನೂ ಕೊಟ್ಟರು. ನಡಿಗೆ, ಹಗ್ಗದಾಟ, ಬಸ್ಕಿ ಎಂದು ಮೂರು ಕಾಲಂ ಎಳೆದು ಅವಳು ಒಂದು ದಿನವೂ ಬಿಡದೆ ತುಂಬಿದಳು.

ಆದರೆ ಅಚ್ಚುಕಟ್ಟಾದ ಮಕ್ಕಳಿಗೆ ಅಪಾಯ ಬೇರೆ ದಿಕ್ಕಿನಿಂದ ಬರುತ್ತದೆ ಎಂಬುದನ್ನು ಕೇಂದ್ರದವರು ಊಹಿಸಿರಲಿಲ್ಲ, ನಾನೂ ಊಹಿಸಿರಲಿಲ್ಲ. ಪ್ರತಿ ಸೋಮವಾರ ಎಲ್ಲರ ಎದುರು ತೂಕ ನೋಡುವ ಪದ್ಧತಿ ಅಲ್ಲಿತ್ತು. ನಾಲ್ಕನೆಯ ವಾರದಲ್ಲಿ ಮಗಳ ಪುಸ್ತಕದ ಕೊನೆಯ ಪುಟದಲ್ಲಿ ಯಾರೂ ಹೇಳದ ನಾಲ್ಕನೆಯ ಕಾಲಂ ಒಂದು ಕಂಡಿತು. ಅದರಲ್ಲಿ ರೊಟ್ಟಿಯ ಲೆಕ್ಕ ಎರಡರಿಂದ ಒಂದೂವರೆಗೆ, ಆಮೇಲೆ ಒಂದಕ್ಕೆ ಇಳಿದಿತ್ತು. ಬೆಳೆಯುವ ಹುಡುಗಿ ತಾಟಿನಲ್ಲಿ ಅರ್ಧ ರೊಟ್ಟಿ ಬಿಟ್ಟು ಏಳುವುದನ್ನು ಆರೋಗ್ಯಕರ ಅಭ್ಯಾಸವೆಂದು ನಾನು ಒಪ್ಪಲಾರೆ. ಮರುದಿನವೇ ಹೋಗಿ ಮಾತನಾಡಿದಾಗ ಕೇಂದ್ರದವರು ಸಾರ್ವಜನಿಕ ತೂಕವನ್ನು ನಿಲ್ಲಿಸಿದರು. ಅಲ್ಲಿನ ಆಹಾರ ತಜ್ಞೆ ಮಗಳನ್ನು ಪಕ್ಕಕ್ಕೆ ಕೂರಿಸಿಕೊಂಡು ಅರ್ಧ ಗಂಟೆ ಮಾತನಾಡಿದ ಮೇಲೆ ಆ ಕಾಲಂ ನಿಂತಿತು. ಹೆಣ್ಣುಮಕ್ಕಳನ್ನು ಸೇರಿಸುವ ಪಾಲಕರು ಮೊದಲ ದಿನವೇ ತೂಕದ ಪದ್ಧತಿಯ ಬಗ್ಗೆ ಕೇಳಿಕೊಳ್ಳಬೇಕೆಂದು ಇದನ್ನು ಇಷ್ಟು ವಿವರವಾಗಿ ಬರೆದಿದ್ದೇನೆ.

ಆಹಾರದ ಪಟ್ಟಿಯ ವಿಷಯಕ್ಕೆ ಬಂದರೆ, ಮೊದಲು ಕೊಟ್ಟ ಮುದ್ರಿತ ಹಾಳೆ ನಮ್ಮ ಊರಿನದಾಗಿರಲಿಲ್ಲ. ಓಟ್ಸ್, ಬ್ರೊಕೊಲಿ, ಕಿನೋವಾ ಎಂದೆಲ್ಲ ಇದ್ದ ಅದನ್ನು ನಮ್ಮೂರಿನ ‘ಸೂಪರ್ ಮಾರ್ಕೆಟ್’ ಎಂಬ ಹೆಸರಿನ ಬಜಾರಿನಲ್ಲಿ ದಿನದ ಕಾಯಿಪಲ್ಯ ಕೊಳ್ಳುವ ಮನೆಗಳು ಎಷ್ಟು ದಿನ ಪಾಲಿಸಬಲ್ಲವು? ನೂರು ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ಪ್ರೋಟೀನು, ಹೆಚ್ಚುಕಡಿಮೆ ಅಷ್ಟೇ ನಾರು ಇರುವಾಗ, 2019ರಲ್ಲಿ ಭೌಗೋಳಿಕ ಸೂಚಿಕೆ (ಈ ಊರಿನದೇ ವಿಶೇಷವೆಂಬ ಜಿಐ ಮಾನ್ಯತೆ) ಪಡೆದ ನಮ್ಮ ಕಲಬುರಗಿಯ ತೊಗರಿ ಬೇಳೆ ಮನೆಮನೆಯ ಡಬ್ಬಿಯಲ್ಲಿರುವಾಗ ಹೊರಗಿನದನ್ನು ಹುಡುಕುವ ಅಗತ್ಯವಿಲ್ಲ. ಈ ಕೊರತೆಯನ್ನು ತುಂಬಿದ್ದು ಶನಿವಾರದ ಡಬ್ಬಿ ಪಾಠ, ಇಡೀ ತರಗತಿಯಲ್ಲಿ ನನಗೆ ಅತ್ಯಂತ ಇಷ್ಟವಾದದ್ದೂ ಅದೇ. ಪ್ರತಿ ಮಗುವೂ ಮನೆಯಿಂದ ಡಬ್ಬಿ ತಂದು ಎಲ್ಲರ ನಡುವೆ ಬಿಚ್ಚಿಡಬೇಕು: ಪುಂಡಿ ಪಲ್ಯ, ಮಡಕೆ ಕಾಳು, ಶೇಂಗಾ ಹಿಂಡಿ, ಸಜ್ಜೆ ರೊಟ್ಟಿ, ಗಟ್ಟಿ ಮೊಸರು. ಮನೆಯಲ್ಲಿ ಪುಂಡಿ ಪಲ್ಯವನ್ನು ಮುಟ್ಟದ ನನ್ನ ಮಗ ಅಲ್ಲಿ ಗೆಳೆಯನ ಡಬ್ಬಿಯಿಂದ ರೊಟ್ಟಿಯ ತುಣುಕಿನಲ್ಲಿ ಅದನ್ನು ಎತ್ತಿಕೊಂಡು, ಕಣ್ಣು ಕಿರಿದು ಮಾಡಿ ಅಗಿದು, ಎರಡನೆಯ ಸಲ ಕೈ ಹಾಕಿದ್ದನ್ನು ಬಾಗಿಲಲ್ಲಿ ನಿಂತು ನಾನೇ ನೋಡಿದೆ. ಹೊಸದರ ಕಡೆಗಿನ ಅವನ ಕುತೂಹಲವನ್ನು ಆ ಪ್ರಶ್ನಾವಳಿ ಸರಿಯಾಗಿಯೇ ಗುರುತಿಸಿತ್ತು. ಊಟದ ಜೊತೆಗೇ ಚಹಾ ಕುಡಿದರೆ ಸೊಪ್ಪು–ಕಾಳುಗಳ ಕಬ್ಬಿಣಾಂಶ ಮೈಗೆ ಹತ್ತುವುದು ಕಡಿಮೆಯಾಗುತ್ತದೆ, ನಿಂಬೆ ಹಿಂಡಿದರೆ ಹೆಚ್ಚುತ್ತದೆ ಎಂಬುದನ್ನು ಆಹಾರ ತಜ್ಞೆ ಅಲ್ಲಿಯೇ ತಿಳಿಸಿದರು. ಬೆಳಿಗ್ಗೆ ರೊಟ್ಟಿಯ ಜೊತೆ ಚಹಾ ಕುಡಿಯುವ ರೂಢಿ ಇರುವ ನಮ್ಮ ಮನೆಗಳಿಗೆ ಇದು ಬಹಳ ಉಪಯುಕ್ತವಾದ ಮಾತು.

ಕೊನೆಯ ತಿಂಗಳಲ್ಲಿ ಪ್ರೋಟೀನ್ ಪುಡಿಯ ಡಬ್ಬ ಕೊಳ್ಳಲು ಒತ್ತಾಯಿಸಿದ್ದು ಮಾತ್ರ ಸರಿಯಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರ ತನ್ನ ಮಾರ್ಗಸೂಚಿಯಲ್ಲಿ ಸ್ನಾಯು ಬೆಳೆಸಲು ಇಂಥ ಪುಡಿಗಳನ್ನು ಬಳಸಬಾರದೆಂದು ಸ್ಪಷ್ಟವಾಗಿ ಹೇಳಿದೆ. ನಾವು ಕೊಳ್ಳಲಿಲ್ಲ.

ಜೊತೆಗಾರರಿದ್ದರೆ ಮಾತ್ರ ಮೈ ಬಗ್ಗಿಸುವ, ಮನೆಯಲ್ಲಿ ಮೊಬೈಲಿಗೆ ಅಂಟಿಕೊಂಡಿರುವ ಮಕ್ಕಳಿಗೆ ಈ ತರಗತಿಯನ್ನು ನಾನು ಧಾರಾಳವಾಗಿ ಶಿಫಾರಸು ಮಾಡುತ್ತೇನೆ. ಲೆಕ್ಕವಿಟ್ಟುಕೊಂಡು ತಮ್ಮನ್ನು ತಾವೇ ದಂಡಿಸಿಕೊಳ್ಳುವ ಸ್ವಭಾವದವರನ್ನು ಕಳಿಸುವವರು ವಾರಕ್ಕೊಮ್ಮೆಯಾದರೂ ಹೋಗಿ ನೋಡಿಬರಬೇಕು. ಮುಂದಿನ ತಂಡಕ್ಕೆ ಮಗನ ಹೆಸರನ್ನಷ್ಟೇ ಬರೆಸಿದ್ದೇವೆ. ಮಗಳು ಈಗ ಸಂಜೆ ಆ ಗೆಳತಿಯೊಂದಿಗೆ ಅಪ್ಪನ ಕೆರೆಯ ಸುತ್ತ ಒಂದು ಗಂಟೆ ನಡೆಯುತ್ತಾಳೆ, ಬಂದ ಮೇಲೆ ಎರಡು ರೊಟ್ಟಿ ಉಣ್ಣುತ್ತಾಳೆ, ನೋಟುಪುಸ್ತಕ ಮನೆಯಲ್ಲೇ ಇರುತ್ತದೆ.