ಅಪ್ಪನ ತೂಕದ ಮೆಷಿನ್‌ಗೆ ಐದಕ್ಕೆ ನಾಲ್ಕು

ಇಲ್ಲಿ ರಿವ್ಯೂ ಬರೆದವರೆಲ್ಲ ತೂಕ ಇಳಿಸೋಕೆ ಹೊರಟವರು. ನಾನು ತಗೊಂಡಿದ್ದು ಅಪ್ಪನ ಹಾರ್ಟಿಗೆ.

ಅಪ್ಪನಿಗೆ 74. ಎಕೋ (ಹಾರ್ಟಿನ ಸ್ಕ್ಯಾನ್) ಮಾಡಿಸಿದಾಗ ಇ.ಎಫ್., ಅಂದ್ರೆ ಹಾರ್ಟು ಒಂದೊಂದು ಬಡಿತಕ್ಕೆ ತನ್ನೊಳಗಿನ ರಕ್ತದಲ್ಲಿ ಶೇಕಡಾ ಎಷ್ಟು ಹೊರಗೆ ತಳ್ಳತ್ತೆ ಅನ್ನೋ ಲೆಕ್ಕ, 30 ಬಂತು. 55ರ ಆಸುಪಾಸಾದರೂ ಇರಬೇಕಂತೆ. ಹಿಂದಿನ ವಾರದವರೆಗೂ ಅಡಿಕೆ ತೋಟ ಸುತ್ತಿ ಬರ್ತಿದ್ದ ಮನುಷ್ಯ! ಅದು ಹೇಗೆ ಸಾಧ್ಯ ಅಂದಿದ್ದಕ್ಕೆ ಡಾಕ್ಟರು ಬಿಡಿಸಿ ಹೇಳಿದ್ರು. ಹಾರ್ಟು ಸೋತರೆ ಮೈ ಸುಮ್ಮನೆ ಕೂರಲ್ಲ. ಬಡಿತ ಜೋರಾಗತ್ತೆ, ರಕ್ತನಾಳ ಬಿಗಿಯಾಗತ್ತೆ, ಹಾರ್ಟಿನ ಗೂಡೇ ಹಿಗ್ಗತ್ತೆ. ಕಿಡ್ನಿಗೆ ರಕ್ತ ಸಾಲದೆ ಬಂದಾಗ, ಮೈಯಲ್ಲಿ ನೀರೇ ಕಮ್ಮಿ ಅಂದ್ಕೊಂಡು ಅದು ಉಪ್ಪು, ನೀರು ಎರಡನ್ನೂ ಹಿಡಿದಿಟ್ಕೊಳ್ಳತ್ತೆ. ಸ್ವಲ್ಪ ಕಾಲ ಹಂಗೇ ಗಾಡಿ ಓಡತ್ತೆ. ಆಮೇಲೆ ಅದೇ ನೀರು ಕಾಲಿಗೆ, ಶ್ವಾಸಕೋಶಕ್ಕೆ. ಕೊಟ್ಟ ಮಾತ್ರೆಗಳಲ್ಲಿ ಸುಮಾರು ಈ ಸಾಹಸ ತಡೆಯೋಕೇ ಇರೋದಂತೆ.

"ಮೋಟರ್ ಸೋತಿದ್ದಕ್ಕೆ ಬಾವಿಗೆ ನೀರು ಹೊಯ್ದಂಗಾಯ್ತಲ್ಲ" ಅಂದ್ರು ಅಪ್ಪ.

ಕಾಲು ಊದೋಕೆ ಮುಂಚೆನೇ ತೂಕ ಏರೋದುಂಟು. ಅದಕ್ಕೇ ದಿನಾ ಬೆಳಗ್ಗೆ ಮೂತ್ರಕ್ಕೆ ಹೋಗಿ ಬಂದು, ತಿಂಡಿಗೆ ಮೊದಲು ನೋಡಬೇಕು. ಮೂರು ದಿನದಲ್ಲಿ 2 ಕೆ.ಜಿ. ಏರಿದ್ರೆ ಫೋನ್ ಮಾಡಬೇಕು.

ಮನೇಲಿದ್ದ ಹಳೇ ಮುಳ್ಳಿನ ಮೆಷಿನ್ ಕಾಲು ಇಟ್ಟ ಹಾಗೆ ಒಂದೊಂದು ತೂಕ ಹೇಳ್ತಿತ್ತು. ಇದು 100 ಗ್ರಾಂ ಲೆಕ್ಕದಲ್ಲಿ ತೋರಿಸತ್ತೆ, ಇಳಿದು ಮತ್ತೆ ಹತ್ತಿದರೂ ಅದೇ ಅಂಕಿ. ನಮ್ಮದು ಕಾವಿ ನೆಲ, ಅಲ್ಲಲ್ಲಿ ತಗ್ಗು. ಜಾಗ ಬದಲಾದ್ರೆ ಅರ್ಧ ಕೆ.ಜಿ. ವ್ಯತ್ಯಾಸ! ಈಗ ಸೀಮೆಸುಣ್ಣದಲ್ಲಿ ಚೌಕ ಬರೆದು ಅಲ್ಲೇ ಇಡ್ತೀನಿ.

ಹೋದ ತಿಂಗಳು 61.4 ಇದ್ದಿದ್ದು ಮೂರೇ ದಿನಕ್ಕೆ 63.6. ಕಾಲು ಒತ್ತಿ ನೋಡಿದೆ, ಗುಳಿ ಬೀಳಲಿಲ್ಲ. "ನಂಗೇನಾಗಿದೆ?" ಅಂತ ಅಪ್ಪ ಗದರಿದ್ರು. ಫೋನ್ ಮಾಡಿದೆ, ಮೈಯ ನೀರು ಇಳಿಸೋ ಮಾತ್ರೆ ನಾಲ್ಕು ದಿನ ಜಾಸ್ತಿ ಮಾಡಿದ್ರು, 61.7ಕ್ಕೆ ಇಳೀತು. ಕಾರಣ ಆಮೇಲೆ ಅಮ್ಮ ಬಾಯಿಬಿಟ್ಟಳು: ರಾತ್ರಿ ಮೊಸರನ್ನಕ್ಕೆ ಮಾವಿನಮಿಡಿ ಉಪ್ಪಿನಕಾಯಿ, ರಸ ಸಮೇತ. ಜಾಡಿ ಈಗ ಪಕ್ಕದ ಮನೇಲಿದೆ.

ಬೈಯೋದೂ ಇದೆ. ಮೆಷಿನ್ ಮೇಲಿನ ಗಾಜು ಒದ್ದೆ ಕಾಲಿಗೆ ಜಾರತ್ತೆ, ವಯಸ್ಸಾದವರು ಗೋಡೆ ಹಿಡ್ಕೊಂಡೇ ಹತ್ತಬೇಕು. ಕೈ ಬಿಡಿಸಿ, ಅಂಕಿ ನಿಂತ ಮೇಲೆ ಓದಿ. ಇನ್ನೊಂದು, ಅಪ್ಪ ಕನ್ನಡಕ ಏರಿಸಿ ಬಗ್ಗೋದ್ರೊಳಗೆ ಲೈಟೇ ಆರಿಹೋಗತ್ತೆ. ಒಂದು ಸ್ಟಾರ್ ಕಿತ್ಕೊಂಡಿದ್ದು ಅದಕ್ಕೇ.